ಹೊಸ ಕಪಾಟಿಗೆ ಹಳೆಯ ಚೆಂದ: ಎಲ್ಲಿ ಉಜ್ಜಬೇಕು, ಎಲ್ಲಿ ಬಿಡಬೇಕು

ಕುಂಬಳೆ ಹತ್ತಿರ ಮರದ ಸಾಮಾನಿಗೆ ಬಣ್ಣ, ಪಾಲಿಶ್ ಮಾಡುವುದು ನನ್ನ ಕೆಲಸ. ಈಚೆಗೆ ಬೇಕಲ ಕಡೆಯ ಹೋಂಸ್ಟೇಯವರು, ಗಲ್ಫಿನಿಂದ ಬಂದು ಮನೆ ಕಟ್ಟುವವರು ಜಾಸ್ತಿ ಕೇಳುವುದು ಒಂದೇ. ಕಪಾಟು ಹೊಸದು, ಆದರೆ ಅಜ್ಜನ ಕಾಲದ್ದರ ಹಾಗೆ ಕಾಣಬೇಕು.

ಈ ಕೆಲಸದಲ್ಲಿ ಬಣ್ಣಕ್ಕಿಂತ ಮುಖ್ಯ ಉಜ್ಜುವ ಜಾಗ. ಹೊಸ ಹುಡುಗರ ಕೈಗೆ ಸ್ಯಾಂಡ್ ಪೇಪರ್ ಕೊಟ್ಟರೆ ನಾಲ್ಕೂ ಅಂಚನ್ನು ಒಂದೇ ಸಮ ಉಜ್ಜಿಬಿಡುತ್ತಾರೆ. ಮರ ಹಾಗೆ ಸವೆಯುವುದಿಲ್ಲ. ಹಾಗಾಗಿ ನಾನು ಅವರಿಗೆ ಮೊದಲು ಪತ್ತಾಯ, ಅಂದರೆ ಮುಚ್ಚಳ ಇರುವ ಮರದ ದೊಡ್ಡ ಪೆಟ್ಟಿಗೆ, ನೋಡಿ ಬನ್ನಿ ಅನ್ನುತ್ತೇನೆ. ಬದಿಯಡ್ಕ, ನೀರ್ಚಾಲು ಕಡೆಯ ಹಳೆಯ ತೋಟದ ಮನೆಗಳಲ್ಲಿ ಭತ್ತ ತುಂಬುತ್ತಿದ್ದ ಪತ್ತಾಯ ಇನ್ನೂ ಇವೆ. ಮುಚ್ಚಳದ ಮುಂದಿನ ಅಂಚು, ಅದೂ ಕೈ ಹಾಕಿ ಎತ್ತುವ ಕಡೆ ಮಾತ್ರ ನುಣುಪಾಗಿರುತ್ತದೆ. ಗೋಡೆಗೆ ತಾಗಿದ ಮೂಲೆ ಹಾಗೇ ಇರುತ್ತದೆ. ಒಂದು ಮನೆಯಲ್ಲಿ ಮುಚ್ಚಳದ ಒಂದು ತುದಿ ಮಾತ್ರ ಮಿರಿಮಿರಿ ಹೊಳೆಯುತ್ತಿತ್ತು. ಯಾಕಜ್ಜಿ ಎಂದು ಕೇಳಿದೆ. "ಊಟ ಆದ ಮೇಲೆ ಅವರು ಇದರ ಮೇಲೆಯೇ ಮಲಗುವುದಲ್ವಾ ಮಗಾ, ತಲೆ ಯಾವಾಗಲೂ ಈ ಕಡೆಗೆ" ಅಂದರು. ಸವೆತಕ್ಕೆ ಹೀಗೆ ಒಂದು ಕಾರಣ ಇರುತ್ತದೆ. ಕಪಾಟಿನಲ್ಲಿ ಹಿಡಿಯ ಸುತ್ತ ಕೈಯ ಜಿಡ್ಡು, ಬೀಗದ ಕೆಳಗೆ ಕೀಗೊಂಚಲು ತಾಗಿದ ಗೀರು. ಕಾಲುಗಳ ಬುಡದಲ್ಲಿ ನೆಲ ಒರೆಸಿದ ನೀರಿನ ಗುರುತು. ಅಲ್ಲಿ ಉಜ್ಜಿ, ಬೇರೆ ಕಡೆ ಕೈ ಹಚ್ಚಬೇಡಿ.

ಮಾಡುವ ಕ್ರಮ ಸುಲಭ. ಮೊದಲು ಗಾಢ ಬಣ್ಣ, ಕಾವಿ ಅಥವಾ ಕಡು ಕಂದು. ಅದು ಒಣಗಿದ ಮೇಲೆ ಸವೆಯಬೇಕಾದ ಜಾಗಕ್ಕೆ ಮಾತ್ರ ಮೇಣದ ಬತ್ತಿ ಉಜ್ಜಬೇಕು. ಮೇಲೆ ತಿಳಿ ಬಣ್ಣ. ಮೇಣ ಇದ್ದಲ್ಲಿ ಮೇಲಿನ ಬಣ್ಣ ಹಿಡಿಯುವುದಿಲ್ಲ, 220 ನಂಬರಿನ ನಯವಾದ ಸ್ಯಾಂಡ್ ಪೇಪರ್ ಮೆಲ್ಲಗೆ ಆಡಿಸಿದರೆ ಬಿಟ್ಟು ಬಂದು ಕೆಳಗಿನದು ಕಾಣುತ್ತದೆ. ಆಮೇಲೆ ಮೇಣವನ್ನು ಚೆನ್ನಾಗಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಕೊನೆಗೆ ಹಚ್ಚುವ ಬಣ್ಣವಿಲ್ಲದ ಕ್ಲಿಯರ್ ಕೋಟ್ ಕೂಡ ಅಲ್ಲಿ ನಿಲ್ಲುವುದಿಲ್ಲ.

ಬಿರುಕು ಬಿಟ್ಟ ಬಣ್ಣ ಬೇಕೆಂದರೆ ಎರಡು ಬಣ್ಣದ ನಡುವೆ ಫೆವಿಕಾಲ್ ಬಳಿಯುತ್ತೇವೆ. ಅದು ಇನ್ನೂ ಅಂಟಂಟಾಗಿರುವಾಗಲೇ ನೀರಿನಲ್ಲಿ ಕಲಸುವ ಬಣ್ಣ ಹಚ್ಚಬೇಕು. ಮೇಲಿನದು ಬೇಗ ಬಿಗಿಯುತ್ತದೆ, ಕೆಳಗಿನ ಅಂಟು ಇನ್ನೂ ಸರಿಯುತ್ತಿರುತ್ತದೆ, ಆಗ ಬಣ್ಣ ಸೀಳುತ್ತದೆ. ಅಂಟು ದಪ್ಪ ಇದ್ದರೆ ದೊಡ್ಡ ಬಿರುಕು, ತೆಳು ಇದ್ದರೆ ಸಣ್ಣದು. ಬ್ರಶ್ ಒಂದೇ ಸಲ ಎಳೆಯಿರಿ, ಮತ್ತೆ ತಿದ್ದಲು ಹೋದರೆ ಬಿರುಕು ಮುಚ್ಚಿ ಹೋಗುತ್ತದೆ. ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಈ ಕೆಲಸ ಒಪ್ಪಿಕೊಳ್ಳದಿರುವುದೇ ಒಳ್ಳೆಯದು. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಮೇಲಿನ ಬಣ್ಣ ಬಿಗಿಯುವುದೇ ಇಲ್ಲ, ಉಜ್ಜಿದರೆ ರಬ್ಬರಿನ ಹಾಗೆ ಸುರುಳಿ ಬರುತ್ತದೆ.

ನಿಜವಾಗಿ ಹಳೆಯ ಬಣ್ಣ ಇರುವ ಸಾಮಾನು ಬಂದರೆ ಮಾತ್ರ ತುಂಬಾ ಎಚ್ಚರ ಬೇಕು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ. ದೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಆ ಕೆಸರನ್ನು ಬಾವಿಕಟ್ಟೆ ಹತ್ತಿರ ತೊಳೆಯಲೇಬಾರದು. ಕೆಲಸಕ್ಕೆ ಬರುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು ಎಂಬುದು ನನ್ನ ಹಟ.

ಇನ್ನು ಪಾಲಿಶ್ ಇನ್ನೂ ಚೆನ್ನಾಗಿರುವ ಹಳೆಯ ಹಲಸಿನ ಬೆಂಚು, ಸಾಗುವಾನಿ ಕುರ್ಚಿ ತಂದು ಬಣ್ಣ ಹಚ್ಚಿ ಸವೆಸಿಕೊಡಿ ಎಂದರೆ ನಾನು ಮಾಡುವುದಿಲ್ಲ. ಅದಕ್ಕೆ ಆಗಲೇ ವಯಸ್ಸಾಗಿದೆ. ಒರೆಸಿ, ಎಣ್ಣೆ ಕೊಟ್ಟು ವಾಪಸ್ ಕಳಿಸುತ್ತೇನೆ.