ಪಿಲಾತನ ಪ್ರಶ್ನೆ, ನಮ್ಮ ಕೊನೆಯ ಪೀರಿಯಡ್ಡು

ನಮ್ಮ ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ನೆನಪು ಬರೆದುಕೊಡಿ ಎಂದಾಗ ಹಾಸ್ಟೆಲಿನ ಸಾಂಬಾರು, ಕ್ಯಾಂಟೀನು, ಯೂನಿಯನ್ ಎಲೆಕ್ಷನ್ನು ಇವನ್ನೆಲ್ಲ ನನ್ನ ಬ್ಯಾಚಿನವರು ನನಗಿಂತ ಚೆನ್ನಾಗಿ ಬರೆಯುತ್ತಾರೆ ಅನ್ನಿಸಿತು. ನನಗೆ ಬರೆಯಬೇಕೆನಿಸಿದ್ದು ಪರೀಕ್ಷೆಯಿಲ್ಲದ, ಅಂಕವಿಲ್ಲದ ಒಂದು ಪೀರಿಯಡ್ಡಿನ ಬಗ್ಗೆ. ವಾರಕ್ಕೊಮ್ಮೆ, ದಿನದ ಕೊನೆಗೆ, ಕ್ಯಾಥೊಲಿಕ್ ಹುಡುಗರು ಕ್ಯಾಟಿಕಿಸಂಗೆ, ಅಂದರೆ ತಮ್ಮ ಧರ್ಮಪಾಠಕ್ಕೆ, ಹೋಗುತ್ತಿದ್ದರು. ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯಿಂದ ಮೈಸೂರಿಗೆ ಓದಲು ಬಂದಿದ್ದ ನಮ್ಮಂಥವರಿಗೆ ಮಾರಲ್ ಸೈನ್ಸ್. ಪಾಠ ಮಾಡುತ್ತಿದ್ದ ಫಾದರ್ ಮಂಗಳೂರಿನವರು. ಅವರ ‘ಎಂತ ಮಾರಾಯ’ ಕೇಳಿ ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು. ನಮ್ಮ ‘ಏನ್ಲಾ, ಬಾರ್ಲಾ’ ಕೇಳಿ ಅವರಿಗೂ ಅಷ್ಟೇ ನಗು.

ನೀತಿ ಕಥೆ ಹೇಳಿ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆವು. ಅವರು ಶುರು ಮಾಡಿದ್ದು ಒಂದು ಕೇಸಿನಿಂದ. ರೋಮನ್ನರ ಕಾಲದ ಯೂದಾಯ ಪ್ರಾಂತ್ಯ. ಅಲ್ಲಿನ ಅಧಿಪತಿ ಪೊಂತ್ಯ ಪಿಲಾತ. ಎದುರಿಗೆ ಕೈ ಕಟ್ಟಿಸಿಕೊಂಡು ನಿಂತ ಯೇಸು. ‘ಸತ್ಯಕ್ಕೆ ಸಾಕ್ಷಿ ಹೇಳುವುದಕ್ಕಾಗಿಯೇ ನಾನು ಲೋಕಕ್ಕೆ ಬಂದೆ’ ಎನ್ನುತ್ತಾನೆ ಆರೋಪಿ. ‘ಸತ್ಯ ಅಂದರೇನು?’ ಎಂದು ಕೇಳಿದ ಪಿಲಾತ ಉತ್ತರಕ್ಕೆ ಕಾಯದೆ ಹೊರಗೆ ಹೋಗುತ್ತಾನೆ. ಬೈಬಲಿನ ಯೋಹಾನನ ಸುವಾರ್ತೆಯ 18ನೇ ಅಧ್ಯಾಯ. ಆಮೇಲೆ ಇದೇ ಪಿಲಾತ ಮೂರು ಸಲ ‘ಇವನಲ್ಲಿ ನನಗೆ ಯಾವ ಅಪರಾಧವೂ ಕಾಣಿಸುವುದಿಲ್ಲ’ ಎಂದು ಹೇಳಿ, ಕೊನೆಗೆ ಶಿಲುಬೆಗೆ ಒಪ್ಪಿಸುತ್ತಾನೆ. ನಿರಪರಾಧಿ ಅಂತ ಬಾಯಲ್ಲಿ ಹೇಳಿ ಮರಣದಂಡನೆ ಕೊಟ್ಟ ತೀರ್ಪು! ಮುಂದೆ ಮಂಡ್ಯದಲ್ಲಿ ವಕೀಲಿಕೆಗೆ ಕೂತ ನನಗೆ ಈ ಕಥೆ ಬೇರೆ ಯಾರಿಗಿಂತಲೂ ಹೆಚ್ಚು ಕಚ್ಚಿದ್ದರೆ ಆಶ್ಚರ್ಯವಿಲ್ಲ.

ಫಾದರ್ ಹೇಳಬೇಕೆಂದಿದ್ದು ಇಷ್ಟು: ಸತ್ಯ ನಾವು ಮಾಡಿದ್ದಲ್ಲ, ಬಹುಮತದಿಂದ ಬಂದದ್ದಲ್ಲ, ಕಾಲಕ್ಕೆ ತಕ್ಕಂತೆ ಬದಲಾಗುವುದೂ ಅಲ್ಲ. ಅದು ದೇವರಲ್ಲಿ ಇದೆ, ನಾವು ಒಪ್ಪಲಿ ಬಿಡಲಿ ಇದೆ. ಪಿಲಾತನ ಕೆಡುಕು ಅಜ್ಞಾನವಲ್ಲ, ಎದುರಿಗಿದ್ದ ಸತ್ಯಕ್ಕಿಂತ ಹೊರಗಿನ ಗುಂಪಿನ ಕೂಗಿಗೆ ಹೆಚ್ಚು ಬೆಲೆ ಕೊಟ್ಟದ್ದು.

ನಮಗೆ ಇದು ಹಿಡಿಸಲಿಲ್ಲ. ಮಳವಳ್ಳಿಯ ಗೆಳೆಯನೊಬ್ಬ ಎದ್ದು ಕುರುಡರು ಆನೆ ಮುಟ್ಟಿದ ಕಥೆ ಹೇಳಿದ. ದಸರಾ ಊರಿನಲ್ಲಿ ಆನೆಯ ಉದಾಹರಣೆಗೆ ಚಪ್ಪಾಳೆ ಬೀಳದಿರುತ್ತದೆಯೇ? ‘ಎಲ್ಲಾ ಧರ್ಮಾನೂ ಒಂದೇ ಅಲ್ವಾ ಫಾದರ್, ಒಬ್ಬೊಬ್ಬರಿಗೆ ಒಂದೊಂದು ಭಾಗ ಸಿಕ್ಕದೆ’ ಎಂದು ಮುಗಿಸಿದ. ಫಾದರ್ ನಕ್ಕರು. ‘ಅದು ಆನೆ ಅಂತ ಯಾರಿಗೆ ಗೊತ್ತು ಮಾರಾಯ? ಕುರುಡರಿಗಂತೂ ಗೊತ್ತಿಲ್ಲ. ಕಥೆ ಹೇಳುವ ನಿನಗೆ ಮಾತ್ರ ಇಡೀ ಆನೆ ಕಾಣ್ತದೆ. ಹಾಗಾದ್ರೆ ನಮ್ಮೆಲ್ಲರಿಗಿಂತ ದೊಡ್ಡ ಸತ್ಯ ನಿನ್ನ ಹತ್ರವೇ ಇದೆ ಅಂದ ಹಾಗಾಯ್ತು.’ ತಮಿಳುನಾಡಿನಲ್ಲಿ ಕೆಲಸ ಮಾಡಿದ್ದ ಬಿಷಪ್ ಲೆಸ್ಲಿ ನ್ಯೂಬಿಗಿನ್ ಇದೇ ವಾದ ಮಾಡಿದ್ದಾರೆ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅವತ್ತು ಫಾದರ್ ಇನ್ನೊಂದು ಮಾತನ್ನೂ ಸೇರಿಸಿದ್ದರು: ‘ನೀವು ಹೇಳೋದು ತಪ್ಪು ಫಾದರ್ ಅಂತ ಹೇಳು, ನನಗೆ ಮರ್ಯಾದೆ ಕೊಟ್ಟ ಹಾಗೆ. ಎಲ್ಲಾ ಒಂದೇ ಅಂದ್ರೆ ನನ್ನ ಮಾತು ನೀನು ಕೇಳ್ಲೇ ಇಲ್ಲ.’

‘ಶಾಶ್ವತ ಸತ್ಯವೇ ಇಲ್ಲ ಅನ್ನುವ ಮಾತು ಶಾಶ್ವತವಾಗಿ ಸತ್ಯವೋ?’ ಎಂಬ ಪ್ರಸಿದ್ಧ ಪಟ್ಟನ್ನೂ ಅವರು ಹಾಕಿದರು. ಅದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಅಂಥ ವಾದ ಎದುರಾಳಿಯ ಬಾಯಿ ಮುಚ್ಚಿಸುತ್ತದೆ, ಮನಸ್ಸು ತಿರುಗಿಸುವುದಿಲ್ಲ. ನನ್ನ ಮನಸ್ಸು ತಿರುಗಿದ್ದು ಕೋರ್ಟಿನಲ್ಲಿ.

1872ರ ಸಾಕ್ಷ್ಯ ಕಾಯಿದೆಯ 3ನೇ ಕಲಂ ಪ್ರಕಾರ ಒಂದು ಸಂಗತಿ ‘ರುಜುವಾತಾಗಿದೆ’ ಎನ್ನಬೇಕಾದರೆ ನ್ಯಾಯಾಲಯ ಅದನ್ನು ನಂಬಬೇಕು. ಇಲ್ಲವೇ ವಿವೇಕವುಳ್ಳ ಮನುಷ್ಯ ಅದನ್ನು ನಂಬಿ ನಡೆದುಕೊಳ್ಳುವಷ್ಟು ಅದು ಸಂಭವನೀಯವಾಗಿರಬೇಕು. 2024ರ ಜುಲೈಯಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಈ ಮಾತಿನ ಸಾರ ಹಾಗೇ ಇದೆ. ಕಾನೂನು ಎಷ್ಟು ಪ್ರಾಮಾಣಿಕ ನೋಡಿ: ಸತ್ಯ ನನ್ನ ಕೈಯಲ್ಲಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಹಾಗೆಂದು ಸತ್ಯ ಎಂದರೆ ಕೋರ್ಟು ಹೇಳಿದ್ದಷ್ಟೇ ಎನ್ನಲಾದೀತೆ? ಸೆಷನ್ಸ್ ಕೋರ್ಟಿನಲ್ಲಿ ಕೊಲೆಗಾರನಾದವನು ಹೈಕೋರ್ಟಿನಲ್ಲಿ ಬಿಡುಗಡೆಯಾದರೆ, ಆ ರಾತ್ರಿ ಗದ್ದೆಯ ಬದುವಿನ ಮೇಲೆ ನಡೆದದ್ದು ಬದಲಾಯಿತೇ? ನಡೆದದ್ದು ನಡೆದೇ ಇದೆ. ಇಬ್ಬರು ನ್ಯಾಯಾಧೀಶರಲ್ಲಿ ಒಬ್ಬರು ಅದನ್ನು ಹಿಡಿದರು, ಒಬ್ಬರು ತಪ್ಪಿದರು, ಇಬ್ಬರೂ ತಪ್ಪಿರಬಹುದು. ತೀರ್ಪಿನಾಚೆ ಒಂದು ಸತ್ಯ ಇಲ್ಲದಿದ್ದರೆ ‘ತಪ್ಪು ತೀರ್ಪು’ ಎಂಬ ಮಾತಿಗೇ ಅರ್ಥವಿಲ್ಲ, ಮೇಲ್ಮನವಿ ಬರೀ ಇನ್ನೊಂದು ಅಭಿಪ್ರಾಯ ಕೇಳಿದ ಹಾಗೆ.

ಪ್ರಮಾಣದ ವಿಷಯವೂ ಅಲ್ಲೇ ನೆನಪಾಯಿತು. ಕಟಕಟೆಯಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡಿ ಸರಾಗವಾಗಿ ಸುಳ್ಳು ಹೇಳುವ ನಮ್ಮ ಕಡೆಯ ಸಾಕ್ಷಿ, ‘ಮಾದಪ್ಪನಾಣೆ ಹೇಳು’ ಅಥವಾ ‘ಧರ್ಮಸ್ಥಳದಲ್ಲಿ ಹೇಳ್ತೀಯಾ?’ ಎಂದರೆ ತೊದಲುತ್ತಾನೆ. ಯೇಸು ಆಣೆಯೇ ಬೇಡ ಅಂದವನು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಇದಕ್ಕಿಂತ ಹೆಚ್ಚಿನದು ಕೆಡುಕಿನಿಂದ ಬಂದದ್ದು ಎನ್ನುತ್ತದೆ ಮತ್ತಾಯನ ಸುವಾರ್ತೆ. ಇದೇ ವಾಕ್ಯ ಹಿಡಿದು ಇಂಗ್ಲೆಂಡಿನ ಕ್ವೇಕರರು ಎಂಬ ಕ್ರೈಸ್ತ ಪಂಥದವರು ಆಣೆ ಇಡಲು ಒಪ್ಪದೆ ಜೈಲಿಗೆ ಹೋದರು. 1695ರ ಕಾಯಿದೆ ಅವರಿಗೆ ಆಣೆಯ ಬದಲು ದೃಢೀಕರಣದ, ಅಂದರೆ ಆಣೆಯಿಡದೆ ಗಂಭೀರವಾಗಿ ಮಾತು ಕೊಡುವ, ಅವಕಾಶ ಕೊಟ್ಟಿತು. ನಮ್ಮ 1969ರ ಪ್ರಮಾಣಗಳ ಕಾಯಿದೆಯಲ್ಲೂ ಆಣೆ ಬೇಡವೆಂದವರಿಗೆ ಆ ದಾರಿ ಇದೆ.

ಇಷ್ಟು ಕಠಿಣವಾಗಿ ಸತ್ಯದ ಬಗ್ಗೆ ಮಾತಾಡುವವರು ತಮ್ಮ ಮನೆಯೊಳಗೆ ಹೇಗಿದ್ದಾರೆ ಎಂದು ನೋಡುವ ಚಪಲ ಯಾರಿಗಿಲ್ಲ? ಫಾದರ್ ತಾವಾಗಿಯೇ ತೋರಿಸಿದರು. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚು ಮೈಸೂರಿನವರಿಗೆಲ್ಲ ಗೊತ್ತು. ಆ ಸಂತಳ ಕಥೆ ಎಷ್ಟು ಜನರಿಗೆ ಗೊತ್ತು? 1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಹಲಗೆಗಳ ಮೇಲಿನ ಅಕ್ಷರಗಳನ್ನು ಹಾಗೇ ಓದಿದರೆ ಅರ್ಥವಾಗದು. ಹಲಗೆಗಳ ಕ್ರಮ ಬದಲಿಸಿದರೆ ‘ಫಿಲುಮೆನಾ, ನಿನಗೆ ಶಾಂತಿ’ ಎಂದಾಗುತ್ತದೆ. ಮಿಕ್ಕಿದ್ದೆಲ್ಲ ಭಕ್ತಿ ಕಟ್ಟಿದ ಚರಿತ್ರೆ. ಆಧಾರ ಸಾಲದೆಂದು 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಭಕ್ತಿಯನ್ನು ಯಾರೂ ನಿಷೇಧಿಸಲಿಲ್ಲ, ಮೇಣದ ಬತ್ತಿ ಇವತ್ತೂ ಉರಿಯುತ್ತಿದೆ. ಅದೇ 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಅಗೆಯುತ್ತಿದ್ದ ಇಟಲಿಯವರಿಗೆ ಪೊಂತ್ಯ ಪಿಲಾತನ ಹೆಸರು ಕೊರೆದ ಕಲ್ಲು ಸಿಕ್ಕಿತು. ‘ಒಂದೇ ವರ್ಷ ನಮ್ಮ ಸಂತಳ ಕಾಗದ ಪತ್ರ ಬಿದ್ದುಹೋಯ್ತು, ನಮ್ಮ ಯೇಸುವನ್ನು ಕೊಲ್ಲಿಸಿದವನದ್ದು ಗಟ್ಟಿಯಾಯ್ತು. ಸತ್ಯ ನಮ್ಮ ಪಕ್ಷದ್ದಲ್ಲ ಮಾರಾಯ, ನಾವು ಅದರ ಪಕ್ಷಕ್ಕೆ ಹೋಗ್ಬೇಕು’ ಎಂದಿದ್ದರು. ತಮ್ಮವರ ವಿಷಯದಲ್ಲೇ ಇದನ್ನು ಹೇಳಬಲ್ಲವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಯಾವ ಧರ್ಮದಲ್ಲೂ, ಯಾವ ಪಾರ್ಟಿಯಲ್ಲೂ.

ಆದರೆ ಅವರು ನಿಲ್ಲುತ್ತಿದ್ದ ಕೊನೆಯ ಮೆಟ್ಟಿಲಿಗೆ ನಾನು ಹತ್ತಿಲ್ಲ. ಕ್ರೈಸ್ತರಿಗೆ ಸತ್ಯ ಬರೀ ತತ್ವವಲ್ಲ, ಒಬ್ಬ ವ್ಯಕ್ತಿ. ‘ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ’ ಎಂದ ಯೇಸು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ತಾನು ತಳ್ಳಿಹಾಕುವುದಿಲ್ಲ ಎಂದು 1965ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನು ಫಾದರ್ ನಮಗೆ ಓದಿ ಹೇಳಿದ್ದರು. ಆದರೆ ಅದನ್ನು ನೆಪ ಮಾಡಿಕೊಂಡು ಯೇಸುವಿನ ಮಾತಿಗೆ ನೀರು ಬೆರೆಸಲಿಲ್ಲ. ‘ಇದು ನನ್ನ ನಂಬಿಕೆ, ನಿನ್ನನ್ನು ಎಳೆಯೋದಿಲ್ಲ’ ಎಂದಷ್ಟೇ ಹೇಳಿದರು. ನಾನು ನಮ್ಮೂರ ಹಬ್ಬಕ್ಕೆ ಈಗಲೂ ಹೋಗುವವನೇ.

ಒಂದು ಜಗಳ ಮಾತ್ರ ಬಾಕಿ ಇದೆ. ಜೀವ ಉಳಿಸಲು ಕೂಡ ಸುಳ್ಳು ಹೇಳಬಾರದು ಎಂಬುದು ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನರ ನಿಲುವು. ಸುಳ್ಳಿನ ಮೇಲೆ ಎರಡು ಗ್ರಂಥ ಬರೆದವರು. ಹಾಗಾದರೆ ಯೆರಿಕೋ ಪಟ್ಟಣದ ರಾಹಾಬಳು? ಮಾಳಿಗೆಯ ಮೇಲೆ ಇಸ್ರಾಯೇಲರ ಗೂಢಚಾರರನ್ನು ಬಚ್ಚಿಟ್ಟು, ರಾಜನ ಆಳುಗಳಿಗೆ ‘ಹೊರಟುಹೋದರು’ ಎಂದವಳನ್ನು ಬೈಬಲ್ಲೇ ಹೊಗಳುತ್ತದಲ್ಲ ಎಂದು ನಾನು ಕೇಳಿದ್ದೆ. ಹೊಗಳಿದ್ದು ಆಕೆಯ ದಯೆಯನ್ನು, ಸುಳ್ಳನ್ನಲ್ಲ ಎಂಬುದು ಅಗಸ್ಟೀನರ ಉತ್ತರ. ವಕೀಲನಾಗಿ ಹೇಳುತ್ತೇನೆ, ಇದು ಜಾಣ ಉತ್ತರ, ಒಳ್ಳೆಯ ಉತ್ತರವಲ್ಲ. ಬಾಗಿಲಲ್ಲಿ ಕೊಲೆಗಾರ ನಿಂತಾಗ ಒಳಗಿರುವವನ ಜೀವಕ್ಕೂ ದೇವರ ಮುಂದೆ ಒಂದು ಸತ್ಯ ಇರಬೇಕಲ್ಲ. ಫಾದರ್ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ‘ನೀನು ಸರಿ ಇದ್ರೆ ಅಗಸ್ಟೀನರು ತಪ್ಪು. ಅವರಿಗೆ ಅವರದ್ದು, ನನಗೆ ನನ್ನದು ಅಂತ ಮಾತ್ರ ಹೇಳ್ಬೇಡ’ ಎಂದು ಬೆಲ್ಲು ಹೊಡೆದ ಮೇಲೂ ಕೂರಿಸಿಕೊಂಡರು. ಅವತ್ತು ಇಡೀ ಕ್ಲಾಸಿನಲ್ಲಿ ಅಗಸ್ಟೀನರ ಪರ ನಿಂತಿದ್ದು ಒಬ್ಬನೇ. ಅವನು ಪೊಲೀಸ್ ಇಲಾಖೆಗೆ ಸೇರಿ ಈಗ ನಿವೃತ್ತನಾಗಿದ್ದಾನೆ. ಈ ಲೇಖನ ಅವನ ಕಣ್ಣಿಗೆ ಬಿದ್ದರೆ ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ.