ಮುಧೋಳ ನಾಯಿ ಬಿಟ್ಟು ಇದನ್ಯಾಕ ಸಾಕೀರಿ?

ಬಾಗಲಕೋಟೆಯ ನವನಗರದಲ್ಲಿ ಪಗ್ ನಾಯಿ ಹಿಡಿದುಕೊಂಡು ಸಂಜೆ ಹೊರಗೆ ಬಂದರೆ ಸಾಕು. "ಅಲ್ರೀ ಅಕ್ಕಾರ, ಇಲ್ಲೇ ಮಗ್ಗಲದಾಗ ಮುಧೋಳ ಐತಿ. ಅಂಥಾ ನಾಯಿ ಬಿಟ್ಟು ಇದನ್ಯಾಕ ಸಾಕೀರಿ?" ಕಿರಾಣಿ ಅಂಗಡಿಯವರು ಕೇಳಿದ್ದಾರೆ, ಸಿಲಿಂಡರ್ ತರುವ ಹುಡುಗ ಕೇಳಿದ್ದಾನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಉತ್ತರ ಚಿಕ್ಕದು. ನಾನು ಆರಿಸಿ ತಂದ ನಾಯಿ ಅಲ್ಲ ಇದು. ಹುಬ್ಬಳ್ಳಿಯಲ್ಲಿದ್ದ ತಮ್ಮನಿಗೆ ದುಬೈನಲ್ಲಿ ಕೆಲಸ ಸಿಕ್ಕಿತು, ಅವನ ಪಗ್ ಉಂಡಿ ನಮ್ಮನೆಗೆ ಬಂದಳು. ಮುಗೀತು.

ಆದರೆ ಯಾರಿಗೂ ಇಷ್ಟು ಸಾಕಾಗುವುದಿಲ್ಲ. ತಂಗಿಯ ಕುಬಸದ (ಸೀಮಂತದ) ದಿನ ಮುಧೋಳ ಕಡೆಯ ಮಾಮಾ ಒಬ್ಬರು ಉಂಡಿಯನ್ನು ತಲೆಯಿಂದ ಬಾಲದವರೆಗೆ ನೋಡಿ ಕೇಳಿದರು, "ಇದು ಮೊಲ ಹಿಡಿತೈತೇನವಾ?"

"ಇಲ್ರೀ ಮಾಮಾ. ನೀವು ಹಿಡಿತೀರೇನು?"

ಸುತ್ತ ಕೂತವರು ನಕ್ಕರು, ನಮ್ಮವ್ವ ನಗಲಿಲ್ಲ. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತಲೂ ಸೇರಿಸಿದೆ. ಮಾಮಾ ಬಿಡಲಿಲ್ಲ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಮುಧೋಳ ನಾಯಿ ಕೊಟ್ಟಿದ್ದು, 2005ರಲ್ಲಿ ಅಂಚೆ ಚೀಟಿ ಬಂದಿದ್ದು, ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದು, ಎಲ್ಲ ಹೇಳಿದರು. ಎಲ್ಲ ನಿಜವೇ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಹೆಸರು ಕೇಳಿದರೆ ನನಗೂ ಹೆಮ್ಮೆ. ಆದರೆ ಆ ನಾಯಿ ಹುಟ್ಟಿರುವುದು ಓಡುವುದಕ್ಕೆ. ಉದ್ದ ಕಾಲು, ಆಳದ ಎದೆ, ದೂರದ ಕಣ್ಣು. ಅದನ್ನು ತಂದು 30-40 ಸೈಟಿನ ಮನೆಯ ಗ್ರಿಲ್ಲಿಗೆ ಕಟ್ಟಿಹಾಕಿ "ನಮ್ಮ ತಳಿ" ಅಂತ ಮೀಸೆ ತಿರುವುವವರನ್ನು ನೋಡಿದ್ದೇನೆ. ನಾನು ಆ ಸಾಲಿಗೆ ಸೇರುವುದಿಲ್ಲ. ಅಂದಹಾಗೆ, ಮಾಮಾ ಅವರ ಮನೆಯಲ್ಲಿ ನಾಯಿಯೇ ಇಲ್ಲ.

"ಹಂಗಾರ ಇದರ ಉಪಯೋಗ ಏನು?" ಪಗ್ ಚೀನಾದ ಅರಮನೆಗಳಲ್ಲಿ ತೊಡೆ ಮೇಲೆ ಕೂರಲಿಕ್ಕೆ ಬೆಳೆಸಿದ ತಳಿ. ಕೂರುತ್ತದೆ. ಮಂಡಿನೋವಿನ ನಮ್ಮವ್ವನಿಗೆ ಮಧ್ಯಾಹ್ನ ಪೂರ್ತಿ ಜೊತೆ. ಉಪಯೋಗಕ್ಕೆ ಬಾರದವರನ್ನೂ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುವ ಊರು ನಮ್ಮದು, ನಾಯಿಗೆ ಮಾತ್ರ ಯಾಕೆ ಈ ಪರೀಕ್ಷೆ?

ಕೇಳುವುದೇ ಆದರೆ ಇದನ್ನು ಕೇಳಿ: ಈ ಊರಿನ ಬಿಸಿಲಲ್ಲಿ ಅದು ಉಸಿರಾಡುವುದು ಹೇಗೆ? ಹಳೇ ಮೊಬೈಲ್ ಕಂಪನಿ ಜಾಹೀರಾತು ನೆನೆದು "ಹಚ್ ನಾಯಿ, ಹಚ್ ನಾಯಿ" ಅಂತ ಕೆನ್ನೆ ಹಿಂಡುವವರು ಯಾರೂ ಇದನ್ನು ಕೇಳಿಲ್ಲ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ. ತೇಕುತ್ತಾ ನಾಲಿಗೆ, ಮೂಗಿನ ಮೂಲಕ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ಗೆ ಮೂಗೇ ಇಲ್ಲ. ಹೊಳ್ಳೆ ಸಣ್ಣದು, ಬಾಯಿಯ ಹಿಂಭಾಗದ ಮೆತ್ತನೆಯ ಅಂಗುಳ ಆ ಗಿಡ್ಡ ಬಾಯಿಯ ಅಳತೆಗೆ ಹೆಚ್ಚು ಉದ್ದ. ನಿಮಗೆ ನಗು ತರಿಸುವ ಆ ಗೊರಕೆ ಬರುವುದೇ ಇದರಿಂದ. ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಬೆಳಗಾಗುವ ಮೊದಲೇ ಒಂದು ಸುತ್ತು, ಮತ್ತೆ ಹೊತ್ತು ಮುಳುಗಿದ ಮೇಲೆ. ಅದಕ್ಕೂ ಮೊದಲು ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡುತ್ತೇನೆ. ನನಗೆ ಚುರ್ ಅಂದರೆ ಉಂಡಿ ಹೊರಗೆ ಬರುವುದಿಲ್ಲ. ಕುತ್ತಿಗೆಗೆ ಪಟ್ಟಿ ಹಾಕುವುದಿಲ್ಲ, ಎದೆಗೆ ಹಾಕುವ ಹಾರ್ನೆಸ್ ಮಾತ್ರ. ಕರೆಂಟ್ ಹೋದರೆ ಹೊಟ್ಟೆಗೆ, ಕಾಲಿಗೆ ತಣ್ಣೀರು ಹಚ್ಚಿ ಗಾಳಿ ಬೀಸಬೇಕು. ನಾಲಿಗೆ ನೀಲಿಗೆ ತಿರುಗಿದರೆ ಮನೆಮದ್ದು ಹುಡುಕುವ ಹೊತ್ತಲ್ಲ, ತಣ್ಣೀರು ಹಚ್ಚುತ್ತಲೇ ಡಾಕ್ಟರ್ ಹತ್ತಿರ ಓಡಬೇಕು.

ಮೂಗಿನ ಮೇಲಿನ ಮಡಿಕೆ ಇದೆಯಲ್ವಾ, ಅದನ್ನು ದಿನಾ ಬೆರಳಲ್ಲಿ ಎತ್ತಿ ಒದ್ದೆ ಹತ್ತಿಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒತ್ತಬೇಕು. ಹಸಿ ಉಳಿದರೆ ಕೆಂಪಾಗಿ ನಾರುತ್ತದೆ. ಅಷ್ಟು ಹೊತ್ತು ಉಂಡಿ ಕಣ್ಣು ಮುಚ್ಚಿಕೊಂಡು, ಸಾಲ ಕೊಟ್ಟವನು ಬಾಗಿಲಿಗೆ ಬಂದ ಹಾಗೆ ಮುಖ ಮಾಡಿಕೊಂಡಿರುತ್ತಾಳೆ.

ಆಮೇಲೆ ಬೀಗರು. ಪಗ್ 8 ಕೆಜಿ ದಾಟಬಾರದು, ತೂಕ ಏರಿದಷ್ಟೂ ಉಸಿರಿಗೆ ಕಷ್ಟ. "ಪಾಪ, ಹೆಂಗ್ ನೋಡಾಕತ್ತೈತಿ" ಅಂತ ಹೋಳಿಗೆ ಹಾಕುವವರಿಗೆ ಇದನ್ನು ಯಾರು ಹೇಳಬೇಕು? ವಿಜಯಪುರದಿಂದ ಬಂದವರು ಪ್ರೀತಿಯಿಂದ ಒಣದ್ರಾಕ್ಷಿ ತರುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಹುದು. ಡಬ್ಬಿ ಕಸಿದುಕೊಂಡಿದ್ದಕ್ಕೆ ಬೀಗತಿ ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಕೆಲವರು "ಮರಿ ಎಲ್ಲಿ ಸಿಗ್ತಾವ್ರೀ?" ಅನ್ನುತ್ತಾರೆ. ನಾನು ಹೇಳುವುದಿಲ್ಲ. ತಗೊಳ್ಳಲೇಬೇಕು ಅಂತಿದ್ದರೆ ಮೊದಲು ತಾಯಿ ನಾಯಿಯನ್ನು ನೋಡಿ. ಸುಮ್ನೆ ನಿಂತಾಗಲೂ ಗೊರ ಗೊರ ಅಂದರೆ ವಾಪಸ್ ಬನ್ನಿ. ಮರಿಯ ಫೋಟೋ ಕಳಿಸಿ "ಮುದ್ದಾಗಿದೆ ಅಲ್ವಾ?" ಅಂತ ಕೇಳಬೇಡಿ. ಮುದ್ದಾಗಿಯೇ ಇರುತ್ತದೆ. ಮೂಗಿನ ಹೊಳ್ಳೆ ಕಾಣುವ ಹಾಗೆ ತೆಗೆದು ಕಳಿಸಿ.