ಚೀಟಿಯಲ್ಲಿ ನಾನು ಬರೆದುಕೊಟ್ಟ ಎರಡು ಪದ

ಮೈಸೂರಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮತ್ತು ಹೊಳಪು ತರುವ ಕಾರ್ಯಾಗಾರವೊಂದರಲ್ಲಿ ನಾನು 14 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ಕೆಲವು ವರ್ಷ ವಾಟರ್ ಪೇಪರ್ ಹಿಡಿದು ಪುಟ್ಟಿ ಉಜ್ಜಿದ್ದಾಯಿತು, ಆಮೇಲೆ ಬಫಿಂಗ್ ಯಂತ್ರ ಕೈಗೆ ಬಂತು. ಈಗ ಬಂದ ಕಾರನ್ನು ಬೆಳಕಿಗೆ ಒಡ್ಡಿ ನೋಡಿ, ಅದಕ್ಕೆ ಯಾವ ಕೆಲಸ ಬೇಕು ಎಂದು ಹೇಳುವ ಹೊಣೆಯೂ ನನ್ನದೇ. ಇಷ್ಟು ವರ್ಷಗಳಲ್ಲಿ ಗಿರಾಕಿಗಳು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ, "ಮನೆಯಲ್ಲಿ ನಾವೇ ಹಾಕಿಕೊಳ್ಳೋಕೆ ಮೆಗ್ವಾಯರ್ಸ್ ತಗೋಬಹುದಾ, ಚೆನ್ನಾಗಿದೆಯಾ?" ಎಂಬುದು. ಬಹಳ ಕಾಲ ನಾನು "ಧಾರಾಳವಾಗಿ ತಗೊಳ್ಳಿ ಸರ್" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಹಾಗೆ ಹೇಳಿದ್ದರಿಂದ ಒಬ್ಬ ಹಿರಿಯರ ಕಾರಿನ ಬಾನೆಟ್ ಹಾಳಾಯಿತು. ಈ ವೃತ್ತಿಯಲ್ಲಿರುವವರಿಗೂ ತಮ್ಮ ಕಾರನ್ನು ತಾವೇ ನೋಡಿಕೊಳ್ಳುವವರಿಗೂ ಉಪಯೋಗವಾದೀತು ಎಂಬ ಉದ್ದೇಶದಿಂದ ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಾರಿಗೆ ಹಾಕುವ ಶಾಂಪೂ, ಪಾಲಿಶ್, ವ್ಯಾಕ್ಸ್ ತಯಾರಿಸುವ ಈ ಬ್ರಾಂಡಿನ ಬಗ್ಗೆ ಮೊದಲು ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಮೆಗ್ವಾಯರ್ಸ್ ಅಮೆರಿಕದಲ್ಲಿ 1901ರಲ್ಲಿ ಫ್ರಾಂಕ್ ಮೆಗ್ವಾಯರ್ ಎಂಬವರು ಮರದ ಪೀಠೋಪಕರಣಗಳ ಪಾಲಿಶ್ ತಯಾರಿಸುವುದರೊಂದಿಗೆ ಆರಂಭಿಸಿದ ಸಂಸ್ಥೆ. ಆ ಕಾಲದ ಕಾರುಗಳ ಮೈಗೆ ಮರ ಮತ್ತು ವಾರ್ನಿಶ್ ಧಾರಾಳವಾಗಿ ಬಳಕೆಯಾಗುತ್ತಿದ್ದುದರಿಂದ ಕುರ್ಚಿ ಮೇಜಿನ ಪಾಲಿಶ್ ಕಾರಿನ ಕಡೆಗೆ ತಿರುಗಿದ್ದು ಸಹಜವೇ ಆಗಿತ್ತು. 2013ರಲ್ಲಿ ಇದನ್ನು 3ಎಮ್ ಕಂಪನಿ ಕೊಂಡುಕೊಂಡಿತು. "3ಎಮ್ ಒಳ್ಳೆಯದೋ ಮೆಗ್ವಾಯರ್ಸ್ ಒಳ್ಳೆಯದೋ" ಎಂದು ವಾದ ಮಾಡುತ್ತಾ ನಮ್ಮಲ್ಲಿಗೆ ಬರುವ ಅನೇಕರಿಗೆ ಎರಡೂ ಈಗ ಒಂದೇ ಮನೆಯವು ಎಂದು ಹೇಳಿದಾಗ ಆಶ್ಚರ್ಯವಾಗುತ್ತದೆ. ಕಾರ್ಯಾಗಾರಗಳಿಗಾಗಿ ಮಾಡುವ ಇವರ ಸರಕು 'ಮಿರರ್ ಗ್ಲೇಜ್' ಎಂಬ ಹೆಸರಿನಲ್ಲಿ ಬರುತ್ತದೆ, ಅದರ ಒಂದೊಂದು ಸೀಸೆಗೂ ಒಂದೊಂದು ಸಂಖ್ಯೆ ಇರುತ್ತದೆ. ನಮ್ಮ ಕಪಾಟಿನಲ್ಲಿ 105 ಮತ್ತು 205 ಎಂಬ ಎರಡು ಸೀಸೆಗಳು ಸದಾ ಇರುತ್ತವೆ. 105 ಗೀರು ತೆಗೆಯುವ ಕಾಂಪೌಂಡ್, 205 ಅದು ಬಿಟ್ಟ ಮಂಜನ್ನು ಒರೆಸಿ ಕನ್ನಡಿಯಂತೆ ಮಾಡುವ ಪಾಲಿಶ್. ಇವುಗಳಷ್ಟು ನಂಬಿಕೆಯಿಂದ ನಾನು ಬಳಸುವ ಸಾಮಗ್ರಿ ಕಡಿಮೆ. ಅಂಗಡಿಯಲ್ಲಿ ಸಾಮಾನ್ಯರಿಗೆ ಸಿಗುವ ಸಾಲಿನಲ್ಲಿ ಗೋಲ್ಡ್ ಕ್ಲಾಸ್ ಶಾಂಪೂ ನನಗೆ ಬಹಳ ಹಿಡಿಸಿದೆ. ನೊರೆ ಚೆನ್ನಾಗಿ ಬರುತ್ತದೆ, ಕೈ ಜಾರುತ್ತದೆ, ಮೇಲಿರುವ ವ್ಯಾಕ್ಸನ್ನು ಪಾತ್ರೆ ತೊಳೆಯುವ ಸೋಪಿನಂತೆ ಎತ್ತಿಕೊಂಡು ಹೋಗುವುದಿಲ್ಲ. ಕಾರ್ನೂಬಾ ವ್ಯಾಕ್ಸಿನ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಒಂದು ಮಿತಿಯಿದೆ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಆ ಮೇಣ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವಷ್ಟು ಗಟ್ಟಿಯಾದದ್ದು, ಕಡುಬಣ್ಣದ ಕಾರಿಗೆ ಅದು ಕೊಡುವ ಕಳೆ ನಿಜಕ್ಕೂ ಚೆಂದ. ಆದರೆ ಬಯಲಿನಲ್ಲಿ ನಿಂತು ಬಿಸಿಲು ಮಳೆ ಎರಡನ್ನೂ ತಿನ್ನುವ ಕಾರಿನ ಮೇಲೆ ಅದು ಕೆಲವು ವಾರಗಳಿಗಿಂತ ಹೆಚ್ಚು ನಿಂತದ್ದನ್ನು ನಾನು ಕಂಡಿಲ್ಲ. ಅಂಥ ಕಾರಿಗೆ ಸಿಂಥೆಟಿಕ್ ಸೀಲೆಂಟ್, ಅಂದರೆ ಕೃತಕವಾಗಿ ತಯಾರಿಸಿದ ಹೊದಿಕೆ, ಮೇಲು.

ಈಗ ಆ ಬಾನೆಟ್ಟಿನ ವಿಷಯಕ್ಕೆ ಬರುತ್ತೇನೆ.

ಆಯುಧಪೂಜೆಯ ಹಿಂದಿನ ದಿನ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮರುದಿನ ಬಾಳೆಕಂದು ಕಟ್ಟಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಡಿಸಿಕೊಳ್ಳಬೇಕಾದ ಕಾರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಅಂಥ ಒಂದು ಸಂಜೆ, ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಕಡುಬೂದು ಬಣ್ಣದ ಕಾರನ್ನು ತೊಳೆಸಿಕೊಂಡು ಹೊರಡುವಾಗ, ಇನ್ನು ಮುಂದೆ ಈ ಕೆಲಸವನ್ನು ನಾನೇ ಮನೆಯಲ್ಲಿ ಮಾಡಿಕೊಳ್ಳಬೇಕೆಂದಿದ್ದೇನೆ, ಏನು ತರಲಿ ಎಂದು ಕೇಳಿದರು. ನನ್ನ ಎರಡೂ ಕೈಯಲ್ಲಿ ಬಟ್ಟೆ ಇತ್ತು, ಹಿಂದೆ ಇನ್ನೂ ನಾಲ್ಕು ಕಾರು ಕಾಯುತ್ತಿದ್ದವು. ಅವರ ಬಿಲ್ಲಿನ ಹಿಂಬದಿಯಲ್ಲಿ "ಮೆಗ್ವಾಯರ್ಸ್ ಪಾಲಿಶ್" ಎಂಬ ಎರಡು ಪದಗಳನ್ನು ಗೀಚಿ ಕೊಟ್ಟೆ. ಅವರು ಆ ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡದ್ದು ನನಗೆ ಇಂದಿಗೂ ನೆನಪಿದೆ.

ಎರಡು ವರ್ಷವಾದ ಮೇಲೆ ಅವರು ಮತ್ತೆ ಬಂದರು. "ನೋಡಪ್ಪ, ನೀನು ಹೇಳಿದ ಕಂಪನಿಯದ್ದೇ ತಂದು ಎರಡು ವರ್ಷದಿಂದ ಒಂದು ತಿಂಗಳೂ ತಪ್ಪದೆ ಹಾಕ್ತಿದೀನಿ. ಆದರೂ ಬಾನೆಟ್ ಮೇಲೆ ಇದೇನೋ ಬೆಳ್ಳಗೆ ಕಾಣ್ತಿದೆ, ಎಷ್ಟು ಉಜ್ಜಿದರೂ ಹೋಗ್ತಿಲ್ಲ" ಎಂದರು. ಬಾನೆಟ್ಟಿನ ನಡುವೆ ಉದ್ದಕ್ಕೆ ಎದ್ದು ನಿಂತಿರುವ ಎರಡು ಗೆರೆಗಳ ಮೇಲೆ, ಸುಣ್ಣದ ಕೈ ತಾಗಿದಂಥ ಮಂಕಾದ ಪಟ್ಟಿಗಳಿದ್ದವು. ಬೆರಳಾಡಿಸಿದರೆ ಸುತ್ತಲಿನ ನುಣುಪು ಅಲ್ಲಿ ತಟ್ಟನೆ ನಿಂತುಹೋಗುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಪಟ್ಟಿ ಮಾಯವಾಯಿತು, ನೀರು ಆರುತ್ತಿದ್ದಂತೆ ಮತ್ತೆ ಮೂಡಿತು. ಈ ಲಕ್ಷಣವನ್ನು ಕಂಡ ಯಾವ ಪೇಂಟರೂ ಎರಡನೆಯ ಮಾತು ಕೇಳುವುದಿಲ್ಲ. ಅಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಉಳಿದಿರಲಿಲ್ಲ.

ಬಣ್ಣದ ದಪ್ಪ ಅಳೆಯುವ ಮೀಟರನ್ನು ತಂದು ಅವರ ಮುಂದೆಯೇ ಇಟ್ಟು ನೋಡಿದೆ. ಬಾಗಿಲು ತೆರೆದಾಗ ಕಾಣುವ ಒಳಗಂಬದ ಮೇಲೆ, ಅಂದರೆ ಯಾರೂ ಉಜ್ಜದ ಜಾಗದಲ್ಲಿ, 116 ಮೈಕ್ರಾನ್ ತೋರಿಸಿತು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಚಾವಣಿಯ ಮೇಲೆ 109. ಬಾನೆಟ್ಟಿನ ಸಮತಟ್ಟಾದ ಭಾಗದಲ್ಲಿ 83ರಿಂದ 88. ಆ ಗೆರೆಗಳ ಮೇಲೆ 64. ಸಾಮಾನ್ಯವಾಗಿ ಕಂಪನಿಯಿಂದ ಬಂದ ಕಾರಿನಲ್ಲಿ ಲೋಹದ ಮೇಲಿನ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲವೂ ಸೇರಿ 100ರಿಂದ 150 ಮೈಕ್ರಾನ್ ಇರುತ್ತವೆ, ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50. ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆಯಾದ ಈ ಪದರವೇ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಒಳಗಿನ ಬಣ್ಣವನ್ನು ಕಾಯುವುದು. ಅಂಚು ಮತ್ತು ಗೆರೆಗಳ ಮೇಲೆ ಅದು ಮೊದಲೇ ತೆಳುವಾಗಿರುತ್ತದೆ, ಯಂತ್ರದ ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಅದಕ್ಕಾಗಿಯೇ ನಾವು ಬಫಿಂಗ್ ಮಾಡುವ ಮೊದಲು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇವೆ.

ಏನು ಬಳಸಿದಿರಿ ಎಂದು ಕೇಳಿದ್ದಕ್ಕೆ ಅವರು ಡಿಕ್ಕಿಯಿಂದ ಒಂದು ಚೀಲ ತಂದರು. ಅದರಲ್ಲಿ ಒಂದು ಸಣ್ಣ ಬಫಿಂಗ್ ಯಂತ್ರವೂ ಮುಕ್ಕಾಲು ಖಾಲಿಯಾದ ಒಂದು ಸೀಸೆಯೂ ಇದ್ದವು. ಸೀಸೆಯ ಮೇಲೆ ಅಲ್ಟಿಮೇಟ್ ಕಾಂಪೌಂಡ್ ಎಂದಿತ್ತು. ಅದು ಅವರು ಕೊಂಡ ಮೂರನೆಯ ಸೀಸೆಯಂತೆ. ಅದೇ ಸಾಲಿನಲ್ಲಿ ಅಲ್ಟಿಮೇಟ್ ಪಾಲಿಶ್ ಇದೆ, ಅಲ್ಟಿಮೇಟ್ ವ್ಯಾಕ್ಸ್ ಕೂಡ ಇದೆ. ಮೂರರ ಹೆಸರಿನಲ್ಲಿಯೂ ಕೊನೆಯ ಪದ ಮಾತ್ರ ಬೇರೆ, ಕೆಲಸ ಮಾತ್ರ ಪೂರ್ತಿ ಬೇರೆ. ಮೊದಲನೆಯದು ಗೀರಿನ ಆಳದವರೆಗೆ ಮೇಲಿನ ಪದರವನ್ನೇ ಸವೆಸಿ ಗೀರನ್ನು ಕಾಣದಂತೆ ಮಾಡುತ್ತದೆ. ಎರಡನೆಯದು ಸವೆಸಿದ ಜಾಗವನ್ನು ನುಣುಪು ಮಾಡುತ್ತದೆ. ಮೂರನೆಯದು ಏನನ್ನೂ ತೆಗೆಯದೆ ಮೇಲೆ ಒಂದು ಹೊದಿಕೆ ಹಾಕುತ್ತದೆ. ಇವರಿಗೆ ಬೇಕಿದ್ದದ್ದು ಮೂರನೆಯದು. ಚೀಟಿಯಲ್ಲಿ ನಾನು ಬರೆದದ್ದು ಎರಡನೆಯದರ ಹೆಸರು. ಅವರು ತಂದದ್ದು ಮೊದಲನೆಯದು, ಏಕೆಂದರೆ ಗೀರು ಹೋಗುತ್ತದೆ ಎಂದು ಅದರ ಮೇಲೆ ಬರೆದಿತ್ತು ಮತ್ತು ಮೊದಲ ಸಲ ಹಾಕಿದಾಗ ಗೀರುಗಳು ನಿಜವಾಗಿಯೂ ಹೋದವು. ಸೀಸೆ ತಾನು ಹೇಳಿದ ಕೆಲಸವನ್ನು ತಿಂಗಳು ತಿಂಗಳೂ ಚಾಚೂ ತಪ್ಪದೆ ಮಾಡಿತ್ತು. ತಪ್ಪು ನನ್ನ ಚೀಟಿಯದು.

ಆ ರಾತ್ರಿ ನಾನು ಬಹಳ ಹೊತ್ತು ಇದನ್ನೇ ಯೋಚಿಸಿದೆ. ಓದಿದವರು, ಲೆಕ್ಕಾಚಾರದಲ್ಲಿ ಬದುಕು ಕಳೆದವರು, ಇಷ್ಟು ಶ್ರದ್ಧೆಯಿಂದ ಹೇಗೆ ತಪ್ಪು ಮಾಡಿದರು? ಉತ್ತರ ಅವರ ಮಾತಿನಲ್ಲಿಯೇ ಇತ್ತು. "ಹಿಂದೆ ನಮ್ಮ ಹತ್ತಿರ ಪದ್ಮಿನಿ ಕಾರಿತ್ತು, ವರ್ಷಕ್ಕೆರಡು ಸಲ ರಬ್ಬಿಂಗ್ ಪಾಲಿಶ್ ಮಾಡಿಸ್ತಿದ್ದೆ, ಹೊಚ್ಚ ಹೊಸದರ ಹಾಗೆ ಆಗ್ತಿತ್ತು" ಎಂದಿದ್ದರು. ಪದ್ಮಿನಿ, ಅಂಬಾಸಿಡರ್ ಕಾಲದ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣವೇ ಹೊರಮೈ ಆಗಿತ್ತು. ಬಿಸಿಲಿಗೆ ಮೇಲಿನ ಬಣ್ಣ ಪುಡಿಪುಡಿಯಾಗಿ ಮಂಕಾದಾಗ ಉಜ್ಜಿ ತೆಗೆಯುವುದೇ ಅದಕ್ಕೆ ಸರಿಯಾದ ಉಪಚಾರ. ಅದಲ್ಲದೆ ಆ ಬಣ್ಣ ಉಜ್ಜುವವನಿಗೆ ಎಚ್ಚರಿಕೆಯನ್ನೂ ಕೊಡುತ್ತಿತ್ತು. ಕೆಂಪು ಕಾರು ಉಜ್ಜಿದರೆ ಬಟ್ಟೆ ಕೆಂಪಾಗುತ್ತಿತ್ತು, ನೀಲಿ ಕಾರಾದರೆ ನೀಲಿ. ಎಷ್ಟು ಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತಿದ್ದುದರಿಂದ ಹಳೆಯ ಮೇಸ್ತ್ರಿಗಳು ಬಟ್ಟೆ ನೋಡಿಕೊಂಡು ಕೈ ನಿಲ್ಲಿಸುತ್ತಿದ್ದರು. ಇಂದಿನ ಕಾರಿನಲ್ಲಿ ಸವೆಯುವುದು ಬಣ್ಣವಿಲ್ಲದ ಪದರ. ಎಷ್ಟು ಉಜ್ಜಿದರೂ ಬಟ್ಟೆಗೆ ಕಾರಿನ ಬಣ್ಣ ಹತ್ತುವುದಿಲ್ಲ, ಕಾರು ಮಾತ್ರ ಪ್ರತಿ ಸಲವೂ ಹೊಳೆಯುತ್ತದೆ. ಆ ಹೊಳಪು ಏನನ್ನೋ ಕಳೆದುಕೊಂಡು ಬಂದದ್ದು ಎಂದು ಗೊತ್ತಾಗುವ ಹೊತ್ತಿಗೆ ಪದರ ಮುಗಿದಿರುತ್ತದೆ.

ಕಾರುಗಳ ಮೈ ಬದಲಾಯಿತು, ನಮ್ಮ ಮಾತು ಬದಲಾಗಲಿಲ್ಲ. ಕಾಂಪೌಂಡಿಗೂ ಪಾಲಿಶ್ ಎನ್ನುತ್ತೇವೆ, ಪಾಲಿಶಿಗೂ ಪಾಲಿಶ್, ವ್ಯಾಕ್ಸಿಗೂ ಪಾಲಿಶ್, ಡ್ಯಾಶ್‌ಬೋರ್ಡಿಗೆ ಹಾಕುವುದಕ್ಕೂ ಟೈರಿಗೆ ಬಳಿಯುವುದಕ್ಕೂ ಪಾಲಿಶ್ ಎಂದೇ ಹೇಳುತ್ತೇವೆ. ಗಿರಾಕಿಗಳಷ್ಟೇ ಅಲ್ಲ, ನಮ್ಮ ಹುಡುಗರೂ "ಅಣ್ಣ, ಆ ಪಾಲಿಶ್ ಕೊಡಿ" ಎಂದು ಕೈಚಾಚುತ್ತಾರೆ, ಯಾವುದು ಎಂದು ನಾವು ಅವರು ನಿಂತ ಜಾಗ ನೋಡಿ ಊಹಿಸಿ ಕೊಡುತ್ತೇವೆ. ಒಂದು ಬ್ರಾಂಡ್ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ನಾನು ಕೇಳುವ ಅಭಿಪ್ರಾಯಗಳಲ್ಲಿ ಬಹುಪಾಲು ಈ ಗೊಂದಲದಿಂದಲೇ ಹುಟ್ಟಿದವು ಎಂದು ಈಗ ನನಗೆ ಅನ್ನಿಸುತ್ತದೆ. "ಆ ಕಂಪನಿಯದು ಹಾಕಿದೆ, ಗೀರು ಹೋಗಲೇ ಇಲ್ಲ" ಎಂದವರು ವ್ಯಾಕ್ಸ್ ಹಾಕಿರುತ್ತಾರೆ. "ಹಾಕಿದ ಮೇಲೆ ನೀರು ಮುತ್ತಿನಂತೆ ನಿಲ್ಲಲಿಲ್ಲ" ಎಂದವರು ಕಾಂಪೌಂಡ್ ಹಾಕಿ ಮೇಲೆ ಏನನ್ನೂ ಹೊದಿಸಿರುವುದಿಲ್ಲ. "ಬಿಳಿ ಕಲೆ ಬಿಡ್ತು" ಎಂದು ದೂರಿದವರನ್ನು ವಿಚಾರಿಸಿದರೆ, ಬಿಸಿಲಿನಲ್ಲಿ ಕಾದ ಕಾರಿಗೆ ಶಾಂಪೂ ಹಾಕಿ, ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದು, ಒರೆಸದೆ ಹಾಗೆಯೇ ಆರಲು ಬಿಟ್ಟಿರುತ್ತಾರೆ. ಆ ಕಲೆ ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳದ್ದು, ಸೀಸೆಯದಲ್ಲ.

ಬಾನೆಟ್ಟಿಗೆ ಮರಳಿ ಬಣ್ಣ ಹೊಡೆಯದೆ ಬೇರೆ ದಾರಿಯಿರಲಿಲ್ಲ. ನಡೆದದ್ದನ್ನು ನಮ್ಮ ಕಾರ್ಯಾಗಾರದ ಮಾಲೀಕರಿಗೆ ನಾನೇ ಹೇಳಿದೆ, ಚೀಟಿ ಬರೆದವನು ನಾನೆಂಬುದನ್ನೂ ಹೇಳಿದೆ. ಅವರು ಸಾಮಗ್ರಿಯ ಹಣ ಮಾತ್ರ ತೆಗೆದುಕೊಂಡು ಕೂಲಿ ಬಿಟ್ಟರು. ಹಿರಿಯರು ನನ್ನ ಮೇಲೆ ಒಂದು ಗಡಸು ಮಾತನ್ನೂ ಆಡಲಿಲ್ಲ, ಅದು ನನಗೆ ಇನ್ನೂ ಭಾರವಾಯಿತು. ನಮ್ಮ ಪೇಂಟ್ ಮೇಸ್ತ್ರಿ ಆ ಬಾನೆಟ್ಟನ್ನು ಎರಡು ಸಲ ಸಿಲಿಕಾನ್ ರಿಮೂವರಿನಿಂದ ಒರೆಸಿದ ಮೇಲೆಯೇ ಬಣ್ಣ ಹೊಡೆಯುವ ಬೂತಿನೊಳಗೆ ಬಿಟ್ಟರು. ವ್ಯಾಕ್ಸ್ ಮತ್ತು ಟೈರ್ ಡ್ರೆಸ್ಸಿಂಗುಗಳಲ್ಲಿ ಇರುವ ಸಿಲಿಕಾನ್ ಒಂದು ಹನಿಯಷ್ಟು ಉಳಿದಿದ್ದರೂ ಹೊಸ ಬಣ್ಣ ಅಲ್ಲಿಂದ ಸರಿದು ಗುಳಿ ಬೀಳುತ್ತದೆ. ಪೇಂಟರುಗಳು ಇದನ್ನು ಫಿಶ್ ಐ ಎನ್ನುತ್ತಾರೆ. ವಾಟರ್ ವಾಷ್ ವಿಭಾಗದವರು ಮೆಚ್ಚುವ ಸೀಸೆಗಳನ್ನು ಪೇಂಟ್ ವಿಭಾಗದವರು ಬಾಗಿಲಲ್ಲೇ ತಡೆಯುವುದಕ್ಕೆ ಇದೇ ಕಾರಣ. 105 ಮತ್ತು 205ರಲ್ಲಿ ಸಿಲಿಕಾನ್ ಇಲ್ಲ, ಆದ್ದರಿಂದ ಅವೆರಡಕ್ಕೆ ಮಾತ್ರ ನಮ್ಮ ಮೇಸ್ತ್ರಿಯ ಅನುಮತಿಯಿದೆ.

ಈಗ ನಾನು ಯಾರಿಗೂ ಬ್ರಾಂಡಿನ ಹೆಸರನ್ನಷ್ಟೇ ಬರೆದುಕೊಡುವುದಿಲ್ಲ. ಮೊದಲು ಕಾರನ್ನು ನೋಡುತ್ತೇನೆ, ಟಾರ್ಚ್ ಹಿಡಿದು ಗೀರು ಎಷ್ಟು ಆಳವಿದೆ ಎಂದು ಉಗುರಿನಿಂದ ಮುಟ್ಟಿ ನೋಡುತ್ತೇನೆ. ಉಗುರು ಸಿಕ್ಕಿಕೊಳ್ಳುವಂತಿದ್ದರೆ ಅದು ಯಾವ ಕಾಂಪೌಂಡಿಗೂ ಹೋಗುವ ಗೀರಲ್ಲ ಎಂದು ಹೇಳಿಬಿಡುತ್ತೇನೆ. ಆಮೇಲೆ ಚೀಟಿಯಲ್ಲಿ ಕೆಲಸವನ್ನು ಬರೆಯುತ್ತೇನೆ: ತೆಗೆಯುವುದು, ನುಣುಪು ಮಾಡುವುದು, ಹೊದಿಸುವುದು. ಪ್ರತಿಯೊಂದರ ಎದುರು ಸೀಸೆಯ ಪೂರ್ತಿ ಹೆಸರನ್ನೂ ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಬರೆಯುತ್ತೇನೆ. ಮನೆಯಲ್ಲಿ ಮಾಡಿಕೊಳ್ಳುವವರಿಗೆ ಮೊದಲನೆಯ ಸಾಲನ್ನು ಹೊಡೆದುಹಾಕಿ ಕೊಡುವುದೇ ಹೆಚ್ಚು. ಕಾರ್ಯಾಗಾರದ ಕಪಾಟಿನಲ್ಲಿಯೂ ಸವೆಸುವ ಸೀಸೆಗಳಿಗೆಲ್ಲ ಕೆಂಪು ಟೇಪಿನ ಪಟ್ಟಿ ಸುತ್ತಿದ್ದೇವೆ, ಹೊದಿಸುವುದಕ್ಕೆ ಹಸಿರು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ವಾರ ಕೆಂಪು ಪಟ್ಟಿಯ ಸೀಸೆಯನ್ನು ಮುಟ್ಟಲು ಬಿಡುವುದಿಲ್ಲ.

ಹೊಸ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ವ್ಯಾಕ್ಸ್ ಹಾಕಬಾರದು ಎಂದು ಹೇಳಿ ಕಳುಹಿಸಿದ್ದೆ. ಆ ಹಿರಿಯರು ಎರಡು ತಿಂಗಳು ಎಣಿಸಿ, ಒಂದು ಹೊಸ ಸೀಸೆಯೊಂದಿಗೆ ಬಂದರು. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ನಿಂತು ಹಿಂಬದಿಯ ಲೇಬಲ್ಲನ್ನು ಪೂರ್ತಿ ಓದಿದ್ದರಂತೆ. ನನ್ನ ಮುಂದೆ ಇನ್ನೊಮ್ಮೆ ಕನ್ನಡಕ ಹಾಕಿಕೊಂಡು ಓದಿ, "ಇದು ಹೊದಿಸುವುದು ತಾನೆ?" ಎಂದು ಕೇಳಿದರು. ಹೌದು ಸರ್ ಎಂದೆ. ಒಂದು ತುಂಡು ಹಸಿರು ಟೇಪ್ ಕೇಳಿ ಪಡೆದು, ಅದನ್ನು ತಾವೇ ಸೀಸೆಯ ಕೊರಳಿಗೆ ಸುತ್ತಿಕೊಂಡು ಹೋದರು.